ಕಾರವಾರದಲ್ಲಿ ಬೇಸಿಗೆಯಲ್ಲಿ ನೋಡಿದ ಮನೆಗೆ ಅಡ್ವಾನ್ಸ್ ಕೊಡುವ ಮುಂಚೆ

ಕಳೆದ ವಾರ ನಾವು ಮೊದಲು ಬಾಡಿಗೆಗಿದ್ದ ಮನೆಗೆ ಮತ್ತೆ ಬಣ್ಣ ಹೊಡೆಯುತ್ತಿದ್ದರು. ಆಫೀಸಿಗೆ ಹೋಗುವಾಗ ಕಂಡಿತು, ಸ್ಕೂಟರ್ ನಿಲ್ಲಿಸಿ ನೋಡಿದೆ. ಪೂರ್ತಿ ಗೋಡೆಗಲ್ಲ, ಕೆಳಗಿನ ಮೂರು ಅಡಿಗೆ ಮಾತ್ರ. ಗೇಟಿಗೆ 'ಮನೆ ಬಾಡಿಗೆಗೆ ಇದೆ' ಅಂತ ಬೋರ್ಡು ಕಟ್ಟಿತ್ತು. ಅವತ್ತು ಆಫೀಸಿನಲ್ಲಿ ನನಗೆ ಕೆಲಸವೇ ಸಾಗಲಿಲ್ಲ. ಏಪ್ರಿಲ್, ಮೇ ಅಂದರೆ ವರ್ಗಾವಣೆಯ ಕಾಲ. ಘಟ್ಟದ ಮೇಲಿನಿಂದ ಯಾರೋ ಬರುತ್ತಾರೆ, ನನ್ನ ಹಾಗೇ ಅಂಗಳ, ತೆಂಗಿನ ಮರ ನೋಡಿ ಖುಷಿಪಡುತ್ತಾರೆ, ಸಹಿ ಹಾಕುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯವಳು. 2024ರ ಏಪ್ರಿಲ್‌ನಲ್ಲಿ ಶಿರವಾಡ ಕಡೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ ಸಿಕ್ಕಿತು. ಗಂಡನ ಕೆಲಸ ಹುಬ್ಬಳ್ಳಿಯಲ್ಲೇ. ಶನಿವಾರ ಸಂಜೆ ಅರಬೈಲ್ ಘಟ್ಟ ಇಳಿದು ಬರುವುದು, ಸೋಮವಾರ ನಸುಕಿನಲ್ಲಿ ವಾಪಸ್. ನನ್ನ ಜೊತೆ ಅತ್ತೆ ಮತ್ತು ಎರಡನೇ ಕ್ಲಾಸಿನ ಮಗ. ಮನೆ ಹುಡುಕಲು ನಮಗಿದ್ದದ್ದು ಎರಡೇ ದಿನ.

ಮೂರು ಮನೆ ನೋಡಿದೆವು. ಒಂದು ನಂದನಗದ್ದಾದಲ್ಲಿ, ಮೇಲಿನ ಮಹಡಿ, 12,500 ಬಾಡಿಗೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೈ ತಾಗುತ್ತಿತ್ತು. ಇನ್ನೊಂದು ಕಾಳಿ ನದಿಯ ಆಚೆ, ಸದಾಶಿವಗಡದಲ್ಲಿ. ಒಳ್ಳೆ ಗಾಳಿ, 8,000 ಬಾಡಿಗೆ, ಆದರೆ ದಿನಾ ಸೇತುವೆ ದಾಟಬೇಕು. ಮೂರನೆಯದು ಹಬ್ಬುವಾಡ ರಸ್ತೆಯಿಂದ ಸ್ವಲ್ಪ ಒಳಗೆ. ಸ್ವತಂತ್ರ ಮನೆ, ಅಂಗಳ, ಬಾವಿ, ನಾಲ್ಕು ತೆಂಗಿನ ಮರ, 9,000 ಬಾಡಿಗೆ. ಆಫೀಸಿಗೆ ಸ್ಕೂಟರ್‌ನಲ್ಲಿ ಹತ್ತು ನಿಮಿಷ. ಅತ್ತೆ ಅಂಗಳದಲ್ಲಿ ನಿಂತು, "ಇಲ್ಲಿ ಒಂದು ತುಳಸಿಕಟ್ಟಿ ಇಟ್ರ ಆತು" ಅಂದರು. ಅಲ್ಲಿಗೆ ತೀರ್ಮಾನ ಆಯಿತು. ಓಣಿಯ ಹೆಸರು ಬರೆಯುವುದಿಲ್ಲ. ಅದೇ ಓಣಿಯಲ್ಲಿ ಅಡಿಪಾಯ ಎತ್ತರ ಮಾಡಿ ಕಟ್ಟಿದ ಮನೆಗಳಿವೆ, ಅವುಗಳಿಗೆ ಏನೂ ಆಗಿಲ್ಲ.

ಆ ಮನೆ ಎಲ್ಲವನ್ನೂ ಹೇಳುತ್ತಿತ್ತು, ನನಗೆ ಓದಲು ಬರಲಿಲ್ಲ. ಕೆಳಗಿನ ಮೂರು ಅಡಿ ಬಣ್ಣ ಹೊಸದು, ಮೇಲಿನದು ಹಳೆಯದು. ಒಂದೇ ಕೆನೆ ಬಣ್ಣ, ಆದರೆ ಬಿಸಿಲು ಬಿದ್ದ ಕಡೆ ಗೆರೆ ಎಳೆದ ಹಾಗೆ ವ್ಯತ್ಯಾಸ ಕಾಣುತ್ತಿತ್ತು. ಪ್ಲಗ್ ಪಾಯಿಂಟ್ ಒಂದೂ ಕೆಳಗಿರಲಿಲ್ಲ, ಎಲ್ಲವೂ ನನ್ನ ಭುಜದ ಮಟ್ಟಕ್ಕೆ. ಫ್ರಿಜ್ ವೈರ್ ಎಟುಕುವುದಿಲ್ಲವಲ್ಲ ಅಂತ ಕೇಳಿದೆ. "ಮಕ್ಕಳ ಕೈಗೆ ಸಿಗಬಾರದು ಅಂತ ಹಾಗೆ ಮಾಡಿಸಿದ್ದಾರೆ" ಅಂದ ಏಜೆಂಟ್. ಮಗ ಪಕ್ಕದಲ್ಲೇ ಇದ್ದ. ಒಳ್ಳೆಯದೇ ಅಲ್ವಾ ಅನ್ನಿಸಿತು. ಬಚ್ಚಲಮನೆ ಬಾಗಿಲಿನ ಚೌಕಟ್ಟು ಕೆಳಗೆ ಉಬ್ಬಿ, ಅದರ ಮೇಲೆ ಸಿಮೆಂಟ್ ಮೆತ್ತಿತ್ತು. ಪಕ್ಕದ ಮನೆಯ ಕಿಟಕಿಯಿಂದ ಅವರ ಮಂಚ ಕಾಣುತ್ತಿತ್ತು. ನಾಲ್ಕೂ ಕಾಲಿನ ಕೆಳಗೆ ಚಿರೆಕಲ್ಲು. ಕೆಳಗೆ ಸಾಮಾನು ಇಡಲು ಇರಬೇಕು ಅಂದುಕೊಂಡೆ.

ಮೇ ತಿಂಗಳಲ್ಲಿ ಬಾವಿ ನೀರಿನ ರುಚಿ ಬದಲಾಯಿತು. ಸೋಪು ನೊರೆ ಬರುವುದಿಲ್ಲ, ಬೇಳೆ ಎಷ್ಟು ಸೀಟಿ ಕೂಗಿಸಿದರೂ ಬೇಯುವುದಿಲ್ಲ. ಬಾಯಿಗೆ ಹಾಕಿಕೊಂಡರೆ ಉಪ್ಪು. ಹೊಳೆ, ಕಡಲು ಹತ್ತಿರ ಇರುವಲ್ಲಿ ಬೇಸಿಗೆಯಲ್ಲಿ ಸಿಹಿನೀರು ಇಳಿದರೆ ಉಪ್ಪುನೀರು ಒಳಗೆ ಬರುತ್ತದೆ. ನಾವು ಮನೆ ನೋಡುವಾಗ 'ಬಾವಿ ಇದೆಯಾ' ಅಂತ ಕೇಳಿದ್ದೆವು, 'ಮೇ ಕೊನೆಗೆ ಆ ನೀರು ಕುಡಿಯಬಹುದಾ' ಅಂತ ಕೇಳಿರಲಿಲ್ಲ. ಆದರೂ ಕ್ಯಾನ್ ನೀರು ತರಿಸಿ ಸುಧಾರಿಸಿದೆವು. ಅಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ.

ಜುಲೈ ಮೊದಲ ವಾರ, ಅಮಾವಾಸ್ಯೆಯ ಹೊತ್ತು. ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಅತ್ತೆ ಕೂಗಿದರು, "ಏನವಾ ಇದು, ನೀರು ಒಳಗ ಬರಾಕತ್ತೈತಿ." ನಾನು ಮುಂದಿನ ಬಾಗಿಲಿಗೆ ಓಡಿದೆ. ಅಲ್ಲಿ ಹೊಸ್ತಿಲು ಒಣಗಿತ್ತು. ನೀರು ಬರುತ್ತಿದ್ದದ್ದು ಬಚ್ಚಲಿನ ತೂತಿನಿಂದ. ಗುಳುಗುಳು ಸದ್ದು ಮಾಡುತ್ತ, ಕಪ್ಪಗೆ, ಮೇಲಕ್ಕೆ ಉಕ್ಕುತ್ತಿತ್ತು. ಹಳೆ ಸೀರೆ ತುರುಕಿದೆ, ಅದರ ಮೇಲೆ ರುಬ್ಬುವ ಗುಂಡು ಇಟ್ಟೆ. ಅಷ್ಟರಲ್ಲಿ ಅಂಗಳದ ನೀರು ಹೊಸ್ತಿಲು ಹತ್ತಿತು. ಅರ್ಧ ಗಂಟೆಯಲ್ಲಿ ಮೊಣಕಾಲಿನವರೆಗೆ. ಮಗನನ್ನು ಮತ್ತು ಅತ್ತೆಯನ್ನು ಮಂಚದ ಮೇಲೆ ಕೂರಿಸಿ ಮೇನ್ ಸ್ವಿಚ್ ತೆಗೆದೆ. ಕತ್ತಲಲ್ಲಿ ಮೊಬೈಲ್ ಬೆಳಕಿನಲ್ಲಿ ಮೊದಲು ಎತ್ತಿದ್ದು ಗ್ಯಾಸ್ ಸಿಲಿಂಡರ್. ಮಂಚದ ಕೆಳಗಿನ ಟ್ರಂಕ್ ನೆನಪಾಗುವ ಹೊತ್ತಿಗೆ ತಡವಾಗಿತ್ತು. ಅದರಲ್ಲಿ ನನ್ನ ಮಾರ್ಕ್ಸ್ ಕಾರ್ಡುಗಳು, ಮಾವನವರ ಫೋಟೋಗಳು. ಅತ್ತೆ ಆ ಫೋಟೋಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸಿ ದಿಂಬಿನ ಮೇಲೆ ಹರಡಿದರು. ಒರೆಸಿದಲ್ಲಿ ಮುಖವೇ ಅಳಿಸಿ ಹೋಗುತ್ತಿತ್ತು. ಅದನ್ನು ನೋಡಿ ಅವರು ಒರೆಸುವುದನ್ನು ನಿಲ್ಲಿಸಿದರು.

ಪಕ್ಕದ ಮನೆಯ ಬಾಯಿ, ಅಂದರೆ ಅಲ್ಲಿನ ಹಿರಿಯ ಹೆಂಗಸು, ಟಾರ್ಚ್ ಹಿಡಿದು, ಸೀರೆ ಎತ್ತಿ ಕಟ್ಟಿ, ನೀರಿನಲ್ಲೇ ನಡೆದು ಬಂದರು. ವಯಸ್ಸು ಎಪ್ಪತ್ತು ದಾಟಿರಬಹುದು. "ಹೆದರಬೇಡ ಮಾರಾಯ್ತಿ, ಈಗ ಭರತಿ ಉಂಟು. ಇಳಿತ ಶುರುವಾದ್ರೆ ನೀರು ಹೋಗ್ತದೆ" ಅಂದರು. ಭರತಿ ಅಂದರೆ ಕಡಲಿನ ಉಬ್ಬರ. ಹಾಗೇ ಆಯಿತು. ಬೆಳಗಿನ ನಾಲ್ಕರ ಹೊತ್ತಿಗೆ ನೆಲ ಕಂಡಿತು, ಅದರ ಮೇಲೆ ಬೆರಳು ದಪ್ಪದ ಕೆಸರು.

ಆ ಬಾಯಿ ಆಮೇಲೆ ತಿಳಿಸಿ ಹೇಳಿದ್ದು ಘಟ್ಟದ ಮೇಲಿನವರು ಯಾರೂ ಯೋಚಿಸದ ವಿಷಯ. ಆ ಜಾಗ ಹಿಂದೆ ಗದ್ದೆ, ಅದರಾಚೆಗೆ ಗಜನಿ. ಗಜನಿ ಅಂದರೆ ಉಪ್ಪುನೀರು ಹತ್ತಿ ಇಳಿಯುವ ತಗ್ಗಿನ ಭೂಮಿ. ಗುಡ್ಡದ ನೀರು ಹಳ್ಳದಲ್ಲಿ ಬಂದು ಹೊಳೆಗೆ, ಕಡಲಿಗೆ ಸೇರಬೇಕು. ಭರತಿಯ ಹೊತ್ತಿನಲ್ಲಿ ಕಡಲೇ ಮೇಲೆ ಬಂದಿರುತ್ತದೆ, ಹಳ್ಳದ ನೀರಿಗೆ ಹೋಗಲು ದಾರಿ ಇರುವುದಿಲ್ಲ, ಅದು ಹಿಂದಕ್ಕೆ ತಿರುಗಿ ತಗ್ಗಿನ ಮನೆಗಳಿಗೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಭರತಿ ಜಾಸ್ತಿ. ಜೋರು ಮಳೆ ಮತ್ತು ದೊಡ್ಡ ಭರತಿ ಒಂದೇ ರಾತ್ರಿ ಸೇರಿದರೆ ಮುಗಿಯಿತು. ಹುಬ್ಬಳ್ಳಿಯಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ. ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳಿಗೆ ಮೂರು ಸಾವಿರ ಮಿಲಿಮೀಟರ್ ಹತ್ತಿರ. ನಮ್ಮ ಕಡೆ ಏಳು ನೂರು, ಎಂಟು ನೂರು ಅಂದರೆ ಒಳ್ಳೆ ಮಳೆ. ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆ ತಿಂಗಳಲ್ಲಿ ಇನ್ನೂ ಎರಡು ಸಲ ನೀರು ಬಂತು. ಮಗನಿಗೆ ಕೆಮ್ಮು ಹಿಡಿದು ಬಿಡಲೇ ಇಲ್ಲ, ಗೋಡೆಗೆ ಬೂಸ್ಟು. ಮನೆ ಬಿಡುತ್ತೇವೆ ಅಂತ ಯಜಮಾನರಿಗೆ ಹೇಳಿದಾಗ ಅವರು ಅಗ್ರಿಮೆಂಟ್ ತೆಗೆದು ತೋರಿಸಿದರು. ಹನ್ನೊಂದು ತಿಂಗಳ ಕರಾರು, ಎರಡನೇ ಪುಟದಲ್ಲಿ ಒಂದು ಸಾಲು: ಅವಧಿಗೆ ಮುಂಚೆ ಬಿಟ್ಟರೆ ಮೂರು ತಿಂಗಳ ಬಾಡಿಗೆ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುವುದು. ದಿನವಿಡೀ ಲೆಕ್ಕ ನೋಡುವವಳು ನಾನು, ಆ ಸಾಲು ಓದದೆ ಸಹಿ ಹಾಕಿದ್ದೆ. ನೀರು ನುಗ್ಗಿದರೆ ಏನು ಅನ್ನುವುದಕ್ಕೆ ಕರಾರಿನಲ್ಲಿ ಒಂದಕ್ಷರವೂ ಇರಲಿಲ್ಲ. 60,000 ಡೆಪಾಸಿಟ್‌ನಲ್ಲಿ 27,000 ಬಾಡಿಗೆ ಲೆಕ್ಕಕ್ಕೆ ಹೋಯಿತು. ಮೇಲಿಂದ 11,000 'ಗೋಡೆ ಹಾಳಾಗಿದೆ, ಪೇಂಟಿಂಗ್ ಖರ್ಚು' ಅಂತ ಮುರಿದರು. ಕೈಗೆ ಬಂದದ್ದು 22,000. ಅವರ ಮನೆಗೆ ಬಂದ ನೀರಿನ ಗುರುತು ಮುಚ್ಚಲು ನಾನು ದುಡ್ಡು ಕೊಟ್ಟೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಸಹಿ ಹಾಕುವವರು ದಯವಿಟ್ಟು ಒಂದು ಸಾಲು ಸೇರಿಸಿ: ಮನೆಯೊಳಗೆ ನೀರು ನುಗ್ಗಿದರೆ ಒಂದು ತಿಂಗಳ ನೋಟಿಸ್ ಮೇಲೆ ಬಿಡಬಹುದು, ಡೆಪಾಸಿಟ್ ಪೂರ್ತಿ ವಾಪಸ್. ಮೊದಲ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಯಜಮಾನರು ಆ ಸಾಲಿಗೆ ಒಪ್ಪದಿದ್ದರೆ, ಅವರಿಗೆ ಏನೋ ಗೊತ್ತಿದೆ ಅಂತ ತಿಳಿದುಕೊಳ್ಳಿ.

ಜುಲೈ ಕೊನೆಗೆ ಮತ್ತೆ ಮನೆ ಹುಡುಕಿದೆ. ಸದಾಶಿವಗಡದ ಮನೆ ಇನ್ನೂ ಖಾಲಿ ಇತ್ತು. ಎತ್ತರದ ಜಾಗ, ನೀರಿನ ಭಯ ಇಲ್ಲ. ಗುರುವಾರ ಅಡ್ವಾನ್ಸ್ ಕೊಡುವುದು ಅಂತ ಮಾತಾಯಿತು. ಬುಧವಾರ ಬೆಳಗ್ಗೆ ಎದ್ದರೆ ಫೋನಿನ ತುಂಬ ಒಂದೇ ಸುದ್ದಿ, ಕಾಳಿ ನದಿಯ ಹಳೆ ಸೇತುವೆ ರಾತ್ರಿ ಕುಸಿದಿದೆ. ಅದು 2024ರ ಆಗಸ್ಟ್ 7. ಸೇತುವೆ ಜೊತೆ ಒಂದು ಲಾರಿ ನದಿಗೆ ಬಿತ್ತು, ಡ್ರೈವರ್‌ನನ್ನು ಮೀನುಗಾರರು, ಪೊಲೀಸರು ಸೇರಿ ಉಳಿಸಿದರು. ಆಮೇಲೆ ಪಕ್ಕದ ಹೊಸ ಸೇತುವೆಯೊಂದರಲ್ಲೇ ಎರಡೂ ಕಡೆಯ ವಾಹನ. ಸದಾಶಿವಗಡ ಕೆಟ್ಟ ಜಾಗ ಅಂತ ನಾನು ಹೇಳುತ್ತಿಲ್ಲ. ಆ ಕಡೆಯೇ ಕೆಲಸ ಇರುವವರಿಗೆ, ಗೋವಾಕ್ಕೆ ಹೋಗಿ ಬರುವವರಿಗೆ ಅದೇ ಅನುಕೂಲ. ಆದರೆ ನನ್ನ ಆಫೀಸ್ ಈಚೆ, ಮಗನ ಶಾಲೆ ಈಚೆ, ಮನೆಯಲ್ಲಿ ವಯಸ್ಸಾದವರು ಆಚೆ. ಅವತ್ತು ಆ ಮನೆಯನ್ನೂ ಬಿಟ್ಟೆ.

ಕಾರವಾರದಲ್ಲಿ ದೂರ ಅಳೆಯಬೇಕಾದ್ದು ಕಿಲೋಮೀಟರ್‌ನಲ್ಲಿ ಅಲ್ಲ ಅಂತ ಆಗ ಅರ್ಥವಾಯಿತು. ಉತ್ತರಕ್ಕೆ ಸೇತುವೆ, ದಕ್ಷಿಣಕ್ಕೆ ಬಿಣಗಾ ಕಡೆಯ ಸುರಂಗ. 2023ರ ಮಳೆಗಾಲದಲ್ಲಿ ಆ ಸುರಂಗವನ್ನೂ ಮುಚ್ಚಿದ್ದರು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಬಂದ್ ಆಯಿತು. ಕುಮಟಾದಿಂದ ಬರುವ ನಮ್ಮ ಆಫೀಸಿನ ಒಬ್ಬರು ಮನೆಗೆ ಹೋಗಲಾಗದೆ ಇನ್ನೊಬ್ಬರ ರೂಮಿನಲ್ಲಿ ಉಳಿದರು. ಮನೆ, ಆಫೀಸು, ಶಾಲೆ, ಆಸ್ಪತ್ರೆ ಇವುಗಳ ನಡುವೆ ಸೇತುವೆಯಾಗಲಿ ಸುರಂಗವಾಗಲಿ ಇದೆಯಾ ಅಂತ ಮೊದಲು ನೋಡಿ.

ನೀರಿಗೆ ಹೆದರಿ ಗುಡ್ಡದ ಬುಡಕ್ಕೆ ಹೋಗುವುದೂ ಬೇಡ. 2009ರ ಅಕ್ಟೋಬರ್‌ನಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು ಮನೆಗಳ ಮೇಲೆ ಬಿದ್ದು ಜನ ಸತ್ತರು. ಮನೆಯ ಹಿಂದೆ ಕಡಿದ ಕೆಂಪು ಮಣ್ಣಿನ ಗೋಡೆ ನೆಟ್ಟಗೆ ನಿಂತಿದ್ದರೆ ಆ ಮನೆ ಬಿಡಿ. ಕೈಗಾ ಅಣುಸ್ಥಾವರದ ಕೆಲಸಕ್ಕೆ ಬಂದು ಕಾಳಿ ನದಿ ದಂಡೆಯ ಊರುಗಳಲ್ಲಿ ಮನೆ ನೋಡುವವರು ಕದ್ರಾ ಅಣೆಕಟ್ಟನ್ನು ನೆನಪಿಡಿ. 2019ರ ಆಗಸ್ಟ್‌ನಲ್ಲಿ ಅಲ್ಲಿಂದ ನೀರು ಬಿಟ್ಟಾಗ ಕೆಳಗಿನ ಊರುಗಳ ಮನೆಗಳೊಳಗೆ ಹೊಳೆ ಹರಿಯಿತು, 2021ರಲ್ಲೂ ಹಾಗೇ.

ಈಗ ನಾವು ಸುಂಕೇರಿ ಕಡೆ ಮೊದಲ ಮಹಡಿಯಲ್ಲಿದ್ದೇವೆ. 13,000 ಬಾಡಿಗೆ, ಅಂಗಳ ಇಲ್ಲ. ಅತ್ತೆಯ ತುಳಸಿ ಬಾಲ್ಕನಿಯ ಕುಂಡದಲ್ಲಿದೆ. ಈ ಮನೆ ಹಿಡಿಯುವಾಗ ಏಜೆಂಟ್ ಜೊತೆ ಮಾತೇ ಆಡಲಿಲ್ಲ. ಜೋರು ಮಳೆಯ ದಿನ ಭರತಿಯ ಹೊತ್ತು ಕೇಳಿಕೊಂಡು, ಛತ್ರಿ ಹಿಡಿದು ಓಣಿಯಲ್ಲಿ ನಡೆದೆ. ಮೂಲೆ ಅಂಗಡಿಯಲ್ಲಿ ವಿಚಾರಿಸಿದೆ. ಹೇಗೆ ಕೇಳುತ್ತೀರಿ ಅನ್ನುವುದೂ ಮುಖ್ಯ. 'ಇಲ್ಲಿ ನೀರು ಬರ್ತದಾ' ಅಂತ ಕೇಳಿದರೆ 'ಇಲ್ಲ ಇಲ್ಲ' ಅನ್ನುತ್ತಾರೆ. 'ಹೋದ ವರ್ಷ ನೀರು ಎಲ್ಲಿವರೆಗೆ ಬಂದಿತ್ತು' ಅಂತ ಕೇಳಿ. ಬಂದಿದ್ದರೆ ಕೈ ತೋರಿಸಿ ಹೇಳುತ್ತಾರೆ.

ಆ ಬಾಯಿಯನ್ನು ಒಮ್ಮೆ ಕೇಳಿದ್ದೆ, ಏಪ್ರಿಲ್‌ನಲ್ಲೇ ಯಾಕೆ ಹೇಳಲಿಲ್ಲ ಅಂತ. "ನೀವು ನನ್ನ ಹತ್ರ ಬರಲೇ ಇಲ್ಲ. ನಾನಾಗಿ ಬಂದು ಹೇಳಿದ್ರೆ ಯಜಮಾನರ ಜೊತೆ ಮನಸ್ತಾಪ" ಅಂದರು. ಕಳೆದ ವಾರ ಬಣ್ಣ ಹೊಡೆಯುವುದನ್ನು ನೋಡಿ ಅವರ ಮನೆಗೂ ಹೋದೆ. ಚಹಾ ಕೊಟ್ಟರು. ಜಗಲಿಯ ಕಂಬದ ಮೇಲೆ ಅವರ ಮಗ ಇದ್ದಲಿನಿಂದ ಎಳೆದ ಗೆರೆಗಳಿವೆ, ಒಂದೊಂದರ ಪಕ್ಕ ವರ್ಷ ಬರೆದಿದೆ. 2024ರ ಗೆರೆ ನನ್ನ ಮೊಣಕಾಲಿಗೆ ಬರುತ್ತದೆ. ಅದಕ್ಕಿಂತ ಮೇಲೆ ಇನ್ನೂ ಎರಡಿವೆ. "ಮನೆ ನೋಡಲು ಬಂದವರನ್ನು ಈ ಸಲ ನನ್ನ ಹತ್ರ ಕಳಿಸು. ನಾ ತೋರಿಸ್ತೆ" ಅಂದಿದ್ದಾರೆ.