ಲಾನ್ ಕೀಳುವ ಮುಂಚೆ ಒಪ್ಪಿಗೆ ಪತ್ರ ಕೈಯಲ್ಲಿರಲಿ

ಕ್ಯಾಲಿಫೋರ್ನಿಯಾದಲ್ಲಿ ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ ಇರುವ ಬಡಾವಣೆಯಲ್ಲಿ ಇದ್ದೀರಾ? ಹಾಗಾದರೆ ಇದನ್ನು ಓದಿ. ಸ್ಯಾನ್ ಹೋಸೆಯಲ್ಲಿ ನಾನು ಮಾಡಿಕೊಂಡ ಎಡವಟ್ಟು ಇದು.

ಮನೆ ಮುಂದೆ 600 ಚದರ ಅಡಿ ಲಾನ್ ಇತ್ತು. ಬರ್ಮುಡಾ ಹುಲ್ಲು, ಅಂದರೆ ನಮ್ಮ ಗರಿಕೆಯೇ. ಗಣೇಶನ ಹಬ್ಬಕ್ಕೆ ನಾಲ್ಕು ಎಸಳು ಕೀಳೋದು ಬಿಟ್ಟರೆ ಬೇರೆ ಉಪಯೋಗ ಇರಲಿಲ್ಲ. ಇಲ್ಲಿ ಬೇಸಿಗೆಯಿಡೀ ಮಳೆ ಇಲ್ಲ. ನೀರಿನ ಬಿಲ್ ಕಟ್ಟಿ ಸಾಕಾಗಿ, ಈ ನೆಲದ್ದೇ ಗಿಡ ಹಾಕೋಣ ಅಂದುಕೊಂಡೆವು. ಸಿಯಾನೋಥಸ್, ಮ್ಯಾಂಜನೀಟಾ, ಡಿಯರ್ ಗ್ರಾಸ್, ಕ್ಯಾಲಿಫೋರ್ನಿಯಾ ಪಾಪ್ಪಿ. ಒಮ್ಮೆ ಬೇರು ಹಿಡಿದರೆ ಜಾಸ್ತಿ ನೀರು ಕೇಳುವುದಿಲ್ಲ.

ಎಚ್‌ಒಎ ಬೋರ್ಡಿನಲ್ಲಿರುವ ಒಬ್ಬರು ನಾಯಿ ಜೊತೆ ವಾಕಿಂಗ್ ಬಂದಾಗ ಸಿಕ್ಕರು. ಕೇಳಿದೆ. ‘ಧಾರಾಳವಾಗಿ ಮಾಡಿ’ ಅಂದರು. ಅದನ್ನೇ ಒಪ್ಪಿಗೆ ಅಂದುಕೊಂಡೆ. ಮೇಲಾಗಿ, ಇಲ್ಲಿನ ರಾಜ್ಯ ಕಾನೂನು, ಸಿವಿಲ್ ಕೋಡ್ 4735ರ ಪ್ರಕಾರ ಕಡಿಮೆ ನೀರಿನ ಗಿಡಗಳನ್ನು ಎಚ್‌ಒಎ ಸಾರಾಸಗಟಾಗಿ ನಿಷೇಧಿಸುವ ಹಾಗಿಲ್ಲ ಅನ್ನೋ ಧೈರ್ಯ ಬೇರೆ. ಅಕ್ಟೋಬರ್‌ನಲ್ಲಿ ಎರಡು ಶನಿವಾರ ಕೂತು ಹುಲ್ಲು ಕಿತ್ತೆವು. ಹುಲ್ಲು ಮತ್ತೆ ಚಿಗುರದಿರಲಿ ಅಂತ ಮನೆ ಬದಲಾಯಿಸಿದಾಗಿನ ರಟ್ಟಿನ ಡಬ್ಬಗಳನ್ನು ಬಿಚ್ಚಿ ಹಾಸಿ, ಮೇಲೆ ಮರದ ಚಕ್ಕೆ ಹರಡಿದೆವು.

ಒಂಬತ್ತನೇ ದಿನ ನೋಟಿಸ್ ಬಂತು. ಜೊತೆಗೆ ಫೋಟೊ. ಚಕ್ಕೆಯ ಅಂಚಿನಿಂದ ಒಂದು ರಟ್ಟು ಇಣುಕುತ್ತಿದೆ. ಅದರ ಮೇಲೆ ನನ್ನ ಹೆಂಡತಿ ಕನ್ನಡದಲ್ಲಿ ಬರೆದಿದ್ದ ‘ಅಡುಗೆಮನೆ, ಸಾಂಬಾರ ಡಬ್ಬಿ’ ಚೆನ್ನಾಗಿ ಕಾಣುತ್ತಿದೆ. ಒಪ್ಪಿಗೆ ಇಲ್ಲದೆ ಬದಲಾವಣೆ ಮಾಡಿದ್ದೀರಿ, ಹಿಯರಿಂಗ್‌ಗೆ ಬನ್ನಿ ಅಂತ. ಹೋದೆ. ‘ಧಾರಾಳವಾಗಿ ಮಾಡಿ’ ಅಂದವರು ಮೇಜಿನ ಆ ಕಡೆ ಕೂತು ಪೇಪರ್ ತಿರುವುತ್ತಿದ್ದರು. ಬಾಯಿ ಬಿಡಲಿಲ್ಲ.

ಗಿಡ ಬೇಡ ಅನ್ನುವ ಹಾಗಿಲ್ಲ, ನಿಜ. ಆದರೆ ಮೊದಲು ಅರ್ಜಿ ಹಾಕಿ, ನಕ್ಷೆ ತೋರಿಸಿ ಅನ್ನಬಹುದು. ಇಷ್ಟು ನನಗೆ ಹೊಳೆದಿರಲಿಲ್ಲ. 100 ಡಾಲರ್ ದಂಡ ಕಟ್ಟಿದೆ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ರಿಬೇಟ್. ಲಾನ್ ತೆಗೆದರೆ ನೀರಿನ ಇಲಾಖೆಯವರು ಚದರ ಅಡಿಗೆ 2 ಡಾಲರ್ ಕೊಡುತ್ತಿದ್ದರು. ಆದರೆ ಹುಲ್ಲು ಇರುವಾಗಲೇ ಅವರು ಬಂದು ನೋಡಬೇಕಂತೆ. ನಮ್ಮಲ್ಲಿ ನೋಡೋಕೆ ಏನಿತ್ತು, ರಟ್ಟು! 1,200 ಡಾಲರ್ ಹೋಯಿತು.

ಆಮೇಲೆ ಎಚ್‌ಒಎಗೆ ಅರ್ಜಿ ಹಾಕಿದರೆ ಉತ್ತರ ಒಂದೇ ಸಾಲು: ‘ಬಡಾವಣೆಗೆ ಹೊಂದುವುದಿಲ್ಲ’. ಇಂಥದ್ದು ಬಂದರೆ ಸುಮ್ನೆ ಕೂರಬೇಡಿ. ಸಿವಿಲ್ ಕೋಡ್ 4765ರ ಪ್ರಕಾರ ಯಾಕೆ ಬೇಡ ಅಂತ ಅವರು ಬರೆದು ವಿವರಿಸಬೇಕು. ಬೋರ್ಡಿಗೆ ಮತ್ತೆ ಮನವಿ ಕೊಡುವುದು ಹೇಗೆ ಅಂತಲೂ ತಿಳಿಸಬೇಕು. ಇಮೇಲ್‌ನಲ್ಲಿ ಅದನ್ನೇ ಕೇಳಿದೆ. ಆಗ ಅವರ ನಿಜವಾದ ಅಂಜಿಕೆ ಹೊರಗೆ ಬಂತು. ಬೇಸಿಗೆಯಲ್ಲಿ ಎಲ್ಲ ಒಣಗಿ ಕಳೆ ತರಹ ಕಾಣುತ್ತೆ ಅಂತ. ಪಾಪ್ಪಿ ವಿಷಯದಲ್ಲಿ ಅದು ಸುಳ್ಳೂ ಅಲ್ಲ. ನಕ್ಷೆಯಲ್ಲಿ ಪಾಪ್ಪಿಯನ್ನು ಹಿಂದಕ್ಕೆ ಹಾಕಿ, ರಸ್ತೆ ಕಡೆ ವರ್ಷವಿಡೀ ಹಸಿರಾಗಿರುವ ಗಿಡ್ಡ ಮ್ಯಾಂಜನೀಟಾ ತೋರಿಸಿದೆ. ಯಾವ ಗಿಡ ಎಷ್ಟೆತ್ತರ ಬೆಳೆಯುತ್ತೆ, ಜುಲೈನಲ್ಲಿ ಹೇಗೆ ಕಾಣುತ್ತೆ ಅಂತ ಫೋಟೊ ಸಮೇತ ಕೊಟ್ಟೆ. ಮೂರು ವಾರಕ್ಕೆ ಒಪ್ಪಿಗೆ ಪತ್ರ ಬಂತು.

ಅಷ್ಟರಲ್ಲಿ ಮಳೆಗಾಲ ಕಳೆದಿತ್ತು. ಈ ಗಿಡ ನೆಡಬೇಕಾದದ್ದು ಮಳೆ ಶುರುವಾಗುವಾಗ, ನವೆಂಬರ್ ಹೊತ್ತಿಗೆ. ತಂದ ಗಿಡಗಳು ಇನ್ನೂ ನರ್ಸರಿ ಕುಂಡದಲ್ಲೇ ಇವೆ, ದಿನಾ ನೀರು ಹೊರುತ್ತಿದ್ದೇನೆ. ರಟ್ಟಿನ ಸಂದಿಯಲ್ಲಿ ಗರಿಕೆ ಚಿಗುರಿದೆ.