ಮೂರು ನೀರು, ಮೂರು ಹಾವಸೆ: ತೋಟದ ಯಾವ ಕೆಲಸಕ್ಕೆ ಯಾವುದು?

ತಿಪಟೂರು ಸೀಮೆಯ ನಮ್ಮ ತೆಂಗಿನ ತೋಟದಲ್ಲಿ ನೀರು ನಿಲ್ಲುವ ಜಾಗಗಳು ಮೂರು. ಕೊಳವೆಬಾವಿಯ ನೀರು ಬಂದು ಬೀಳುವ ಸಿಮೆಂಟ್ ತೊಟ್ಟಿ ಒಂದು; ಮಳೆನೀರು ಹಿಡಿಯಲು ತೋಡಿಸಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ ಇನ್ನೊಂದು; ಕೊಟ್ಟಿಗೆ ತೊಳೆದ ನೀರು ಹರಿದು ಸೇರುವ ಮಣ್ಣಿನ ಗುಂಡಿ ಮೂರನೆಯದು. ಮೂರರಲ್ಲೂ ನೂಲಿನಂಥ ಹಸಿರು ಹಾವಸೆ ಕಟ್ಟುತ್ತದೆ. ಬಹಳ ವರ್ಷ ನಾವು ಅದನ್ನೆಲ್ಲ ಪಾಚಿ ಎಂಬ ಒಂದೇ ಹೆಸರಿನಿಂದ ಕರೆದು, ಒಂದೇ ಬಗೆಯಲ್ಲಿ ಬಾಚಿ ಬದುವಿನ ಮೇಲೆ ಎಸೆಯುತ್ತಿದ್ದೆವು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ನಾನೇ ಅದನ್ನು ಸರಿಯಾಗಿ ನೋಡದೆ ಬಿಟ್ಟಿದ್ದೆ. ಕಳೆದ ಎರಡು ವರ್ಷ ಮೂರೂ ಜಾಗದ ಹಾವಸೆಯನ್ನು ಬೇರೆಬೇರೆಯಾಗಿ ಎತ್ತಿ ಗಿಡದ ಬುಡದ ಹೊದಿಕೆಗೆ, ಗೊಬ್ಬರಕ್ಕೆ, ಮೀನಿನ ಮೇವಿಗೆ ಮತ್ತು ಕೊಳೆನೀರು ಸೋಸುವುದಕ್ಕೆ ಬಳಸಿ ನೋಡಿದ ಮೇಲೆ, ಒಂದು ಕೆಲಸಕ್ಕೆ ಉತ್ತಮವಾದದ್ದು ಇನ್ನೊಂದು ಕೆಲಸಕ್ಕೆ ಕೇವಲ ತೊಂದರೆ ಎಂಬುದು ಸ್ಪಷ್ಟವಾಯಿತು.

ಗುರುತು ಹಿಡಿಯುವುದಕ್ಕೆ ಸೂಕ್ಷ್ಮದರ್ಶಕ ಬೇಕೇಬೇಕು ಎಂದೇನಿಲ್ಲ. ಮೊದಲ ಪರೀಕ್ಷೆ ಅಂಗೈಯಲ್ಲೇ ಆಗುತ್ತದೆ. ಕೃಷಿ ಹೊಂಡದ ಹಾವಸೆಯನ್ನು ಹಿಡಿದರೆ ಅದು ಲೋಳೆಸರದ ತಿರುಳಿನಂತೆ ಬೆರಳ ಸಂದಿಯಿಂದ ಜಾರುತ್ತದೆ, ಮೇಲಕ್ಕೆತ್ತಿದರೆ ರೇಷ್ಮೆಯ ಎಳೆಗಳಂತೆ ಉದ್ದಕ್ಕೆ ಇಳಿಬೀಳುತ್ತದೆ. ಅದು ಸ್ಪೈರೋಗೈರಾ. ಅದರ ಎಳೆಗೆ ಕವಲುಗಳಿಲ್ಲ. ಎಳೆಯ ಹೊರಮೈಯನ್ನು ಲೋಳೆಯ ಪದರವೊಂದು ಸುತ್ತಿಕೊಂಡಿರುತ್ತದೆ. ಮಸೂರದ ಕೆಳಗೆ ಇಟ್ಟರೆ ಪ್ರತಿ ಕೋಶದೊಳಗೂ ಹಸಿರು ಪಟ್ಟಿ ಸುರುಳಿ ಸುತ್ತಿರುವುದು ಕಾಣುತ್ತದೆ. ತೊಟ್ಟಿಯ ಗೋಡೆಗೆ, ಅದರಲ್ಲೂ ಕೊಳವೆಯ ನೀರು ಬಡಿಯುವ ಕಡೆಗೆ, ಅಂಟಿಕೊಂಡು ಬೆಳೆಯುವುದು ಕ್ಲಾಡೋಫೋರಾ. ಅದು ಜಾರುವುದಿಲ್ಲ, ಒದ್ದೆ ಹತ್ತಿಯ ಹಾಗೆ ಒರಟಾಗಿ ಕೈಗೆ ಸಿಗುತ್ತದೆ, ಎಳೆಗಳಿಗೆ ಕವಲುಗಳಿರುತ್ತವೆ. ಕೊಟ್ಟಿಗೆ ಗುಂಡಿಯಲ್ಲಿ ಇರುವುದು ಹೈಡ್ರೋಡಿಕ್ಟಿಯಾನ್, ಅಂದರೆ ನೀರುಬಲೆ. ಅದನ್ನು ಗಾಜಿನ ಲೋಟದ ನೀರಿಗೆ ಬಿಟ್ಟು ಬೆಳಕಿಗೆ ಹಿಡಿದರೆ ಐದು ಅಥವಾ ಆರು ಮೂಲೆಯ ಕಣ್ಣುಗಳುಳ್ಳ ಬಲೆ ಬರಿಗಣ್ಣಿಗೇ ಕಾಣುತ್ತದೆ. ಆ ಬಲೆಯ ಒಂದೊಂದು ಗೆರೆಯೂ ಒಂದೊಂದು ಕೋಶ. ಅಂಥ ಒಂದು ಕೋಶದ ಒಳಗೆ ಸಾವಿರಾರು ಮರಿಕೋಶಗಳು ಹುಟ್ಟಿ, ಅಲ್ಲೇ ಜೋಡಣೆಗೊಂಡು, ಪೂರ್ತಿ ಪುಟ್ಟ ಬಲೆಯಾಗಿ ಹೊರಬರುತ್ತವೆ. ಒಂದೆರಡು ವಾರದಲ್ಲಿ ಗುಂಡಿಯೇ ಮುಚ್ಚಿಹೋಗುವುದು ಇದರಿಂದಲೇ.

ಯಾವ ಹಾವಸೆ ಎಲ್ಲಿ ಬೆಳೆಯುತ್ತದೆ ಎಂಬುದು ನೀರಿನ ಗುಣವನ್ನು ಹೇಳುತ್ತದೆ. ನಮ್ಮ ಕೊಳವೆಬಾವಿಯ ನೀರು ಗಡಸು, ಸುಣ್ಣದ ಅಂಶ ಹೆಚ್ಚು. ಕ್ಲಾಡೋಫೋರಾಕ್ಕೆ ಅಂಥ ನೀರು, ಹಿಡಿದು ನಿಲ್ಲಲು ಗಟ್ಟಿ ನೆಲ, ಸ್ವಲ್ಪ ಅಲುಗಾಟ ಇದ್ದರೆ ಸಾಕು. ಹಗಲಿನಲ್ಲಿ ಅದು ನೀರಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆ ನೀರು ಕ್ಷಾರದ ಕಡೆಗೆ ಹೊರಳಿ, ಕರಗಿದ್ದ ಸುಣ್ಣ ಎಳೆಗಳ ಮೇಲೆಯೇ ಹರಳಾಗಿ ಕೂರುತ್ತದೆ. ಒಂದು ಹಿಡಿ ಹಿಂಡಿ ನೋಡಿದರೆ ಅಂಗೈಗೆ ಸಣ್ಣ ಮರಳು ಹತ್ತಿದಂತಾಗುತ್ತದೆ. ಒಣಗಿದ ಎಳೆಯ ಮೇಲೆ ನಿಂಬೆರಸ ಬಿಟ್ಟಾಗ ಬುರುಬುರು ನೊರೆ ಎದ್ದಿತು. ಸ್ಪೈರೋಗೈರಾ ನಿಂತ, ತಿಳಿಯಾದ, ಬಿಸಿಲು ತಳದವರೆಗೂ ಇಳಿಯುವ ನೀರನ್ನು ಬಯಸುತ್ತದೆ. ನಮ್ಮಲ್ಲಿ ಅದರ ಕಾಲ ಕಾರ್ತಿಕದಿಂದ ಮಾಘದವರೆಗೆ. ನೀರುಬಲೆಗೆ ಬೇಕಾದದ್ದು ಸಾರಜನಕ ಮತ್ತು ರಂಜಕ. ಗಂಜಲ, ಸಗಣಿ ತೊಳೆದ ನೀರಿನಲ್ಲಿ ಅವೆರಡೂ ಯಥೇಚ್ಛವಾಗಿವೆ.

ಮೊದಲು ಹೊದಿಕೆಯ ವಿಚಾರ. ನಾನು ಹೆಚ್ಚು ಕಲಿತದ್ದು ಇಲ್ಲೇ. ಒಂದೇ ಸಾಲಿನ ಎಳೆಯ ತೆಂಗಿನ ಸಸಿಗಳ ಪಾತಿಗೆ ಮೂರು ಬಗೆಯನ್ನೂ ಹಿಂಡಿ ಹಾಸಿದೆ. ನೀರುಬಲೆ ನಾಲ್ಕು ದಿನಕ್ಕೆ ಹಪ್ಪಳದ ಪುಡಿಯಂತಾಗಿ ಗಾಳಿಗೆ ಹಾರಿಹೋಯಿತು. ಹೊದಿಕೆಯಾಗಿ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವಂತಿಲ್ಲ. ಸ್ಪೈರೋಗೈರಾ ಮೊದಲ ದಿನ ಬಹಳ ಚೆನ್ನಾಗಿ ಕಂಡಿತು, ಆದರೆ ಅದರ ಲೋಳೆ ಒಣಗುತ್ತ ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಇಡೀ ಹಾಸನ್ನು ಕಾಗದದಂಥ ಹಾಳೆಯಾಗಿ ಮಾಡಿತು. ವಾರದ ಹೊತ್ತಿಗೆ ಅಂಚುಗಳು ಮೇಲಕ್ಕೆ ಮಡಚಿಕೊಂಡವು, ಕೊಡದಿಂದ ಹುಯ್ದ ನೀರು ಆ ಹಾಳೆಯ ಮೇಲೆ ಜಾರಿ ಪಾತಿಯ ಹೊರಗೆ ಹರಿಯಿತು. ತೇವ ಉಳಿಸಲೆಂದು ಹಾಕಿದ ಹೊದಿಕೆ ನೀರನ್ನೇ ತಡೆಯುವುದೆಂದರೆ ಅದಕ್ಕಿಂತ ಬರಿಯ ಮಣ್ಣೇ ಮೇಲು. ಕ್ಲಾಡೋಫೋರಾ ಮಾತ್ರ ಕಂಬಳಿಯಂತೆ ಒಣಗಿತು. ಮೂರು ಬೆರಳು ದಪ್ಪ ಹಾಸಿದ್ದು ಒಂದು ಬೆರಳಿಗೆ ಇಳಿದರೂ ಎಳೆಗಳ ನಡುವೆ ಸಂದು ಉಳಿಯಿತು, ನೀರು ಸಲೀಸಾಗಿ ಇಳಿಯಿತು, ಕೆಳಗಿನ ಮಣ್ಣನ್ನು ಐದನೆಯ ದಿನ ಕೆದಕಿ ನೋಡಿದಾಗಲೂ ಬೆರಳಿಗೆ ತಂಪು ಹತ್ತುತ್ತಿತ್ತು. ಮಳೆಗಾಲ ಶುರುವಾಗುವವರೆಗೂ ಅದು ಕರಗಲಿಲ್ಲ.

ಇದರ ಕಾರಣ ಕೋಶಭಿತ್ತಿಯಲ್ಲಿದೆ. ಕ್ಲಾಡೋಫೋರಾಕ್ಕೆ ಲೋಳೆಯ ಹೊದಿಕೆ ಇಲ್ಲ. ಅದರ ಭಿತ್ತಿ ದಪ್ಪ, ಅದರಲ್ಲಿನ ಸೆಲ್ಯುಲೋಸ್ ಬಹಳ ಅಚ್ಚುಕಟ್ಟಾದ ಹರಳಿನ ಜೋಡಣೆಯುಳ್ಳದ್ದು, ಆದ್ದರಿಂದ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಕರಗುವುದಿಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ಇದೇ ಹಾವಸೆಯ ಸೆಲ್ಯುಲೋಸಿಗೆ ವಿದ್ಯುತ್ ಹರಿಸುವ ಪಾಲಿಮರಿನ ತೆಳು ಲೇಪ ಕೊಟ್ಟು, ಕಾಗದದಂತೆ ಮಡಚಬಹುದಾದ ಬ್ಯಾಟರಿಯನ್ನು 2009ರಲ್ಲಿ ಮಾಡಿ ತೋರಿಸಿದರು. ತೊಟ್ಟಿಯ ಗೋಡೆಯಿಂದ ಉಜ್ಜಿ ತೆಗೆದು ಎಸೆಯುತ್ತಿದ್ದ ವಸ್ತುವಿಗೆ ಇಷ್ಟು ಯೋಗ್ಯತೆ ಇದೆ ಎಂದು ಓದಿದ ದಿನ ನನಗೆ ನಿಜವಾಗಿಯೂ ಸಂತೋಷವಾಯಿತು. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಸುಣ್ಣ ಕಟ್ಟಿದ ಈ ಎಳೆಗಳನ್ನು ನಿಂಬೆ, ಕಿತ್ತಳೆ ಗಿಡಗಳ ಬುಡಕ್ಕೆ ನಾನು ಹಾಕುವುದಿಲ್ಲ. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಆ ಗಿಡಗಳಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಬಿಳಿಚಿಕೊಳ್ಳುತ್ತದೆ.

ಗೊಬ್ಬರದ ಲೆಕ್ಕದಲ್ಲಿ ಈ ಕ್ರಮ ತಲೆಕೆಳಗಾಯಿತು. ಕ್ಲಾಡೋಫೋರಾವನ್ನು ಗುಂಡಿಗೆ ಹಾಕಿ ಮೂರು ತಿಂಗಳ ಮೇಲೆ ತೆಗೆದಾಗ ಎಳೆಗಳು ಇನ್ನೂ ಎಳೆಗಳಾಗಿಯೇ ಇದ್ದವು. ನೀರುಬಲೆ ಎಲ್ಲಕ್ಕಿಂತ ಬೇಗ ಕೊಳೆಯಿತು; ಕೊಟ್ಟಿಗೆಯ ನೀರಿನಲ್ಲಿ ಹೋಗಿಬಿಡುತ್ತಿದ್ದ ಸಾರಜನಕ, ರಂಜಕಗಳನ್ನು ಅದು ಮೈಯಲ್ಲಿ ಹಿಡಿದಿಟ್ಟುಕೊಂಡಿರುತ್ತದೆ ಎಂಬುದೇ ಅದರ ದೊಡ್ಡ ಗುಣ. ಆದರೆ ಅದೊಂದನ್ನೇ ರಾಶಿ ಹಾಕಬಾರದು. ಮೊದಲ ಸಲ ನಾನು ಹಾಗೆ ಮಾಡಿ ಕೆಟ್ಟೆ: ಎರಡೇ ದಿನದಲ್ಲಿ ರಾಶಿ ಕುಸಿದು ಗಾಳಿಯಾಡದ ಕಪ್ಪು ಮುದ್ದೆಯಾಯಿತು, ಕೊಳೆತ ಮೊಟ್ಟೆಯ ನಾತ ಅಡುಗೆಮನೆಯವರೆಗೂ ಬಂತು, ನಮ್ಮ ತಾಯಿಯವರು ಊಟದ ತಟ್ಟೆ ಬಿಟ್ಟು ಎದ್ದರು. ಆಮೇಲೆ ಕೊಚ್ಚಿದ ತೆಂಗಿನ ಗರಿ ಮತ್ತು ಒಣ ತರಗೆಲೆಯನ್ನು ಹಾವಸೆಯ ಮೂರು ಪಟ್ಟು ಅಳತೆಯಲ್ಲಿ ಪದರಪದರವಾಗಿ ಸೇರಿಸಿ, ಹತ್ತು ದಿನಕ್ಕೊಮ್ಮೆ ಮಗುಚಿದೆ. ನಾತ ಬರಲಿಲ್ಲ, ಎರಡೂವರೆ ತಿಂಗಳಿಗೆ ಗರಿಯ ದಿಂಡು ಬಿಟ್ಟು ಉಳಿದದ್ದೆಲ್ಲ ಪುಡಿ ಗೊಬ್ಬರವಾಯಿತು. ಸ್ಪೈರೋಗೈರಾ ಇದೇ ವಿಧಾನದಲ್ಲಿ ತುಸು ನಿಧಾನವಾಗಿ ಕೊಳೆಯುತ್ತದೆ, ಫಲದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಯಾವ ಹಾವಸೆಯಾದರೂ ಹೆಚ್ಚು ಭಾಗ ನೀರೇ. ಹಿಂಡಿದ 10 ಕಿಲೋ ಒಣಗಿಸಿದರೆ ನನಗೆ ಸಿಕ್ಕಿದ್ದು 1 ಕಿಲೋ ಆಸುಪಾಸು. ಆದ್ದರಿಂದ ದೂರಕ್ಕೆ ಹೊತ್ತು ಹಾಕುವುದಕ್ಕಿಂತ ನೀರಿನ ಪಕ್ಕದಲ್ಲೇ ಒಂದು ಹಗಲು ಸೋರಲು ಬಿಡುವುದು ಜಾಣತನ. ಹಾಗೆ ಬಿಟ್ಟಾಗ ಒಳಗಿನ ಗೊಜಮೊಟ್ಟೆಗಳು, ನೀರುಹುಳುಗಳು ತೆವಳಿ ಮರಳಿ ನೀರಿಗೆ ಸೇರಿಕೊಳ್ಳಲು ದಾರಿಯಾಗುತ್ತದೆ; ಉಳಿದ ಬಸವನಹುಳುಗಳನ್ನು ಕೋಳಿಗಳು ಹೆಕ್ಕುತ್ತವೆ.

ಮೀನಿನ ಮೇವಿನ ಬಗ್ಗೆ ಹೇಳುವುದು ಕಡಿಮೆ. ಹೊಂಡದ ಹುಲ್ಲುಗೆಂಡೆಗಳು ಸ್ಪೈರೋಗೈರಾವನ್ನೂ ನೀರುಬಲೆಯನ್ನೂ ತಿಂದವು, ಕ್ಲಾಡೋಫೋರಾವನ್ನು ಮೂಸಿ ಬಿಟ್ಟವು. ದನಗಳಿಗೆ ಯಾವುದನ್ನೂ ಕೊಡಲಿಲ್ಲ. ನಿಂತ ನೀರಿನಲ್ಲಿ ವಿಷಕಾರಿ ನೀಲಿಹಸಿರು ಪಾಚಿ ಬೆರೆತಿದ್ದರೆ ಜಾನುವಾರಿನ ಜೀವಕ್ಕೇ ಅಪಾಯ. ಅಷ್ಟು ಹೊಣೆ ಹೊರಲು ನಾನು ಸಿದ್ಧನಿಲ್ಲ. ಮನುಷ್ಯರೂ ಇವನ್ನು ತಿನ್ನುವುದುಂಟು. ಲಾವೋಸಿನ ಲುವಾಂಗ್ ಪ್ರಬಾಂಗಿನಲ್ಲಿ ಹೊಳೆಯ ಹಾವಸೆಯನ್ನು ತೊಳೆದು, ಬಡಿದು, ತೆಳುವಾಗಿ ಹರಡಿ, ಎಳ್ಳು ಉದುರಿಸಿ ಒಣಗಿಸಿ, ಹಪ್ಪಳದಂತೆ ಎಣ್ಣೆಯಲ್ಲಿ ಕರಿಯುತ್ತಾರೆ. ಉತ್ತರ ಥಾಯ್ಲೆಂಡಿನಲ್ಲಿ ಸ್ಪೈರೋಗೈರಾ ಕೂಡ ಅಡುಗೆಗೆ ಸಲ್ಲುತ್ತದೆ. ಅವು ಹರಿಯುವ ಶುದ್ಧ ನೀರಿನಿಂದಲೋ ತಿಳಿಗೊಳದಿಂದಲೋ ಎತ್ತಿದವು. ಔಷಧಿ ಹೊಡೆದ ಹೊಲಗಳ ಮೇಲಿಂದ ಹರಿದು ಬಂದ ನಮ್ಮ ಹೊಂಡದ ನೀರಿಗೆ ಆ ಮಾತು ಅನ್ವಯಿಸುವುದಿಲ್ಲ.

ಕೊಳೆನೀರು ಸೋಸುವ ಪ್ರಯೋಗಕ್ಕೆ ಪ್ರೇರಣೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಆಡಿ ಅವರ ಕೆಲಸ. ಇಳಿಜಾರಾದ ಹಾಸಿನ ಮೇಲೆ ನೀರನ್ನು ಅಲೆಅಲೆಯಾಗಿ ಹರಿಸಿ, ಅಲ್ಲಿ ಅಂಟಿ ಬೆಳೆದ ಹಾವಸೆಯನ್ನು ಆಗಾಗ ಕೆರೆದು ತೆಗೆದರೆ ಅದರ ಜೊತೆಗೆ ನೀರಿನ ಸಾರಜನಕ, ರಂಜಕಗಳೂ ಹೊರಬರುತ್ತವೆ ಎಂಬುದು ಆ ವಿಧಾನದ ತಿರುಳು. ನಾನು ಕೊಟ್ಟಿಗೆಯಿಂದ ಗುಂಡಿಗೆ ಹೋಗುವ ಸಿಮೆಂಟ್ ಚರಂಡಿಯಲ್ಲಿ ಹಳೆಯ ನೈಲಾನ್ ಸೊಳ್ಳೆಬಲೆಯನ್ನು ಕಲ್ಲು ಹೇರಿ ಹಾಸಿದೆ. ಸ್ಪೈರೋಗೈರಾವೂ ನೀರುಬಲೆಯೂ ಮೊದಲ ತೊಳೆತಕ್ಕೇ ಕೊಚ್ಚಿಹೋದವು, ಏಕೆಂದರೆ ಅವು ತೇಲುವ ಜಾತಿ, ಹಿಡಿದು ನಿಲ್ಲುವ ಬೇರಿನಂಥ ಅಂಗ ಅವಕ್ಕಿಲ್ಲ. ತೊಟ್ಟಿಯಿಂದ ತಂದು ಉಜ್ಜಿದ ಕ್ಲಾಡೋಫೋರಾ ಹಿಡಿದುಕೊಂಡಿತು, ಮೂರನೆಯ ವಾರಕ್ಕೆ ಕೆರೆಯುವಷ್ಟಾಯಿತು. ಸೊಳ್ಳೆಬಲೆಯ ಮೇಲೆ ಅದರ ಜೊತೆಗೆ ತಾನಾಗಿಯೇ ಬಂದ ಊಡೋಗೋನಿಯಂ ಎಂಬ ಇನ್ನೊಂದು ನೂಲುಪಾಚಿ ಬಿಸಿಲು ಏರಿದ ಮೇಲೆ ಅದಕ್ಕಿಂತ ಚೆನ್ನಾಗಿ ನಿಂತಿತು. ಸಗಣಿಯನ್ನು ಮೊದಲೇ ಬಾಚಿ ತೆಗೆದು, ಬರಿಯ ತೊಳೆದ ನೀರನ್ನು ಬಿಟ್ಟರೆ ಮಾತ್ರ ಇದು ನಡೆಯುತ್ತದೆ. ನೀರು ಕದಡಿದ್ದರೆ ಬೆಳಕು ಸಿಗದೆ ಎಲ್ಲವೂ ಕಂದಿಹೋಗುತ್ತವೆ.

ಇವನ್ನು ಎತ್ತುವುದಕ್ಕಿಂತ ಕೊಲ್ಲುವುದು ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಅದನ್ನೂ ಮಾಡಿ ನೋಡಿದ್ದೇನೆ, ಮತ್ತೆ ಮಾಡುವುದಿಲ್ಲ. ಐದು ವರ್ಷದ ಹಿಂದೆ ಹನಿ ನೀರಾವರಿಯ ಫಿಲ್ಟರ್ ದಿನಕ್ಕೆರಡು ಸಲ ಕಟ್ಟಿಕೊಳ್ಳುತ್ತಿದ್ದಾಗ, ಅಂಗಡಿಯೊಂದರಲ್ಲಿ ಕೊಟ್ಟ ಸಲಹೆಯಂತೆ ಹೊಂಡಕ್ಕೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕದಡಿದೆ. ಮೂರನೆಯ ದಿನಕ್ಕೆ ಹಾವಸೆ ಬಿಳಿಚಿ ತಳಕ್ಕೆ ಇಳಿಯಿತು. ಐದನೆಯ ದಿನ ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತಿದ್ದವು. ಸೂರ್ಯ ಏರುವಷ್ಟರಲ್ಲಿ ಬಹುಪಾಲು ಸತ್ತಿದ್ದವು. ತಾಮ್ರವೇ ಮೀನಿಗೆ ವಿಷ. ಅದರ ಮೇಲೆ, ರಾತ್ರಿ ಆಮ್ಲಜನಕ ತಯಾರಾಗುವುದಿಲ್ಲ, ಸತ್ತ ಹಾವಸೆ ಕೊಳೆಯುತ್ತ ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ. ಕೊಳೆತದ್ದರ ಸಾರವೆಲ್ಲ ನೀರಿಗೇ ಮರಳಿದ್ದರಿಂದ ತಿಂಗಳೊಳಗೆ ಹೊಂಡ ಪಾಲಕ್ ಸಾರಿನ ಬಣ್ಣಕ್ಕೆ ತಿರುಗಿತು. ಎಳೆಯಾಗಿದ್ದದ್ದನ್ನು ಬಾಚಬಹುದಿತ್ತು, ಆ ಹಸಿರು ನೀರನ್ನು ಬಾಚುವುದು ಹೇಗೆ? ಹಾಕಿದ ತಾಮ್ರ ತಳದ ಕೆಸರಿನಲ್ಲಿ ಇನ್ನೂ ಇದೆ.

ಈಗ ಬಾಚುವ ಹೊತ್ತನ್ನು ನೋಡಿಕೊಳ್ಳುತ್ತೇನೆ. ಬೆಳಗ್ಗೆ ಏಳಕ್ಕೆ ಹೊಂಡದ ಬಳಿ ಹೋದರೆ ಸ್ಪೈರೋಗೈರಾ ತಳದಲ್ಲಿ ಮೋಡದಂತೆ ಕುಳಿತಿರುತ್ತದೆ. ಬಿಸಿಲು ಬಿದ್ದು ಅದು ಆಮ್ಲಜನಕ ಬಿಡಲು ತೊಡಗಿದ ಮೇಲೆ ಗುಳ್ಳೆಗಳು ಲೋಳೆಯ ಎಳೆಗಳ ನಡುವೆ ಸಿಕ್ಕಿಬಿದ್ದು, ಹತ್ತರ ಹೊತ್ತಿಗೆ ತುಂಡುತುಂಡಾಗಿ ಮೇಲೆ ಏಳುತ್ತದೆ, ಹನ್ನೊಂದಕ್ಕೆ ಗಾಳಿ ಅದನ್ನೆಲ್ಲ ಒಂದು ಮೂಲೆಗೆ ತಳ್ಳಿರುತ್ತದೆ. ಆಗ ದಡದಲ್ಲೇ ನಿಂತು ಬಿದಿರಿನ ಹಲ್ಲುಕುಂಟೆಯಿಂದ ಅರ್ಧ ಗಂಟೆಯಲ್ಲಿ ಎಳೆದುಹಾಕಬಹುದು, ಪ್ಲಾಸ್ಟಿಕ್ ಹಾಳೆಗೂ ಪೆಟ್ಟಾಗುವುದಿಲ್ಲ. ಮಾಘ ಕಳೆಯುವುದರೊಳಗೆ ಈ ಕೆಲಸ ಮುಗಿಸಬೇಕು. ಆಮೇಲೆ ಎಳೆಗಳು ಜೋಡಿಯಾಗಿ ಕೂಡಿಕೊಂಡು ಹಳದಿಗೆ ತಿರುಗಿ, ಗಟ್ಟಿ ಕವಚದ ಬೀಜಕಗಳನ್ನು ಕಟ್ಟುತ್ತವೆ, ಅವು ಕೆಸರಿನಲ್ಲಿ ಬೇಸಿಗೆ ಕಳೆದು ಮುಂದಿನ ವರ್ಷಕ್ಕೆ ಮೊಳೆಯುತ್ತವೆ. ಕ್ಲಾಡೋಫೋರಾವನ್ನು ತೊಟ್ಟಿಯ ನೀರು ಅರ್ಧಕ್ಕೆ ಇಳಿದಾಗ ತೆಂಗಿನ ಮಟ್ಟೆಯಿಂದ ಉಜ್ಜಿ ತೆಗೆಯುತ್ತೇನೆ, ತಳದ ಒಂದು ಗೇಣನ್ನು ಬಿಟ್ಟು. ಕೊಟ್ಟಿಗೆ ಗುಂಡಿಯ ನೀರುಬಲೆಯನ್ನು ವಾರಕ್ಕೊಮ್ಮೆ ಎತ್ತಿದರೂ ಬೇಲಿಯ ಕಡೆಯ ಮೂಲೆಯನ್ನು ಮುಟ್ಟುವುದಿಲ್ಲ. ಈ ಸಲ ಅಲ್ಲಿ ಕಪ್ಪೆಗಳು ಮೊಟ್ಟೆಯಿಟ್ಟಿವೆ.