ತೆಂಗು ಹತ್ತಲು ವಿದೇಶಿ ಸೆಟ್ಟೋ, ಚೆಂಬೇರಿ ಯಂತ್ರವೋ? ಕಾಸರಗೋಡಿನ ತೋಟದಿಂದ ಒಂದು ಹೋಲಿಕೆ

ನನ್ನ ಮತ ಯಾವುದಕ್ಕೆಂದು ಮೊದಲೇ ಹೇಳಿಬಿಡುತ್ತೇನೆ. ಹತ್ತಲು ಸಣ್ಣ ವರ್ಕ್‌ಶಾಪಿನಲ್ಲಿ ಮಾಡಿದ ಚೆಂಬೇರಿ ಮಾದರಿಯ ಪೆಡಲು ಯಂತ್ರ, ಮೈಗೆ ಐಎಸ್‌ಐ ಗುರುತಿನ ದೇಶೀ ಫುಲ್ ಬಾಡಿ ಹಾರ್ನೆಸ್ (ಎದೆ, ತೊಡೆಗಳನ್ನು ಬಳಸುವ ಸುರಕ್ಷಾ ಪಟ್ಟಿ), ಕಾಂಡಕ್ಕೆ ಮೀಟರ್ ಲೆಕ್ಕದಲ್ಲಿ ಕೊಂಡ ಹಗ್ಗದ ಉರುಳು. ಮೂರೂ ಸೇರಿದರೂ ಮರ ಹತ್ತುವವರಿಗೆಂದೇ ಬರುವ ಒಂದು ಒಳ್ಳೆಯ ವಿದೇಶಿ ಹಾರ್ನೆಸ್ಸಿನ ಅರ್ಧ ಬೆಲೆಯೂ ಆಗುವುದಿಲ್ಲ. ಅಗ್ಗ ಎಂಬುದೊಂದೇ ಕಾರಣವಲ್ಲ. ರೆಂಬೆಯಿಲ್ಲದ ಮರಕ್ಕೆ ಹೊಂದುವುದೇ ಈ ಸೆಟ್. ಇದರ ಎದುರಿಗೆ ಇಟ್ಟು ನೋಡಿದ್ದು ಎರಡನ್ನು: ವಿದೇಶಿ ದೊಡ್ಡ ಬ್ರಾಂಡಿನ ಹಾರ್ನೆಸ್ ಮತ್ತು ಲ್ಯಾನ್ಯಾರ್ಡ್ (ಸೊಂಟದಿಂದ ಕಾಂಡ ಬಳಸುವ ಗಿಡ್ಡ ಹಗ್ಗ), ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸೊಂಟದ ಸೇಫ್ಟಿ ಬೆಲ್ಟ್.

ವಿದೇಶಿ ಸೆಟ್ಟಿನ ಹೊಲಿಗೆ, ತೊಡೆಯ ಪ್ಯಾಡು, ಬಕ್ಕಲ್ಲು ಎಲ್ಲವೂ ಚೆನ್ನ. ಗಂಟೆಗಟ್ಟಲೆ ನೇತಾಡಿದರೂ ತೊಡೆ ಕಚ್ಚುವುದಿಲ್ಲ. ಆದರೆ ಆ ಇಡೀ ಪದ್ಧತಿ ನಿಂತಿರುವುದು ಕವಲಿನ ಮೇಲೆ. ಮೇಲಿನ ಗಟ್ಟಿ ಕವಲಿಗೆ ಹಗ್ಗ ಹಾಯಿಸಿ ಅದರಲ್ಲಿ ತೂಗಿಕೊಂಡು ಕೆಲಸ ಮಾಡುವುದು, ಸೊಂಟದ ಲ್ಯಾನ್ಯಾರ್ಡನ್ನು ಕಾಂಡದ ಸುತ್ತ ಹಾಕಿ ಒರಗಿ ನಿಲ್ಲುವುದು. ಹಲಸು, ಮಾವು, ನೆರಳಿನ ಮರಗಳ ರೆಂಬೆ ಸವರಲು ಇದಕ್ಕಿಂತ ಒಳ್ಳೆಯದಿಲ್ಲ. ತೆಂಗು ಅಡಿಕೆಯಲ್ಲಿ ಕವಲೇ ಇಲ್ಲ. ತಲೆಯ ಮೇಲೆ ಹಗ್ಗ ಕಟ್ಟಲು ಇರುವುದು ಮಡಲಿನ (ಗರಿಯ) ಬುಡ ಮಾತ್ರ. ಒಣಗುತ್ತಿರುವ ಮಡಲು ಯಾವ ಹೊತ್ತಿಗೆ ಕಳಚುತ್ತದೋ ಹೇಳಲಾಗದು. ಅದಕ್ಕೆ ಹಗ್ಗ ಕಟ್ಟಲೇಬಾರದು.

ನಿಜವಾದ ತೊಡಕು ಲ್ಯಾನ್ಯಾರ್ಡಿನದು. ಕಾಂಡದ ಸುತ್ತ ಸುಮ್ಮನೆ ಒಂದು ಸುತ್ತು ಬಂದು ಸೊಂಟದ ಎರಡೂ ಬದಿಯ ಬಳೆಗೆ ಸಿಕ್ಕಿಸಿದ ಹಗ್ಗ, ನೀವು ಹಿಂದಕ್ಕೆ ಒರಗಿ ಭಾರ ಹಾಕಿರುವಷ್ಟು ಹೊತ್ತು ಮಾತ್ರ ಮರವನ್ನು ಹಿಡಿದಿರುತ್ತದೆ. ಕಾಲು ಜಾರಿತೋ, ಮೈ ಮರದ ಕಡೆಗೆ ಬರುತ್ತದೆ, ಹಗ್ಗ ಸಡಿಲವಾಗುತ್ತದೆ, ನಿಮ್ಮ ಜೊತೆಗೇ ಕಾಂಡದುದ್ದಕ್ಕೂ ಕೆಳಗೆ ಬರುತ್ತದೆ. ನಡುವೆ ತಡೆಯಲು ರೆಂಬೆಯಿಲ್ಲ. ಹಗ್ಗ 2,000 ಕೆಜಿ ತಾಳುತ್ತದೆ ಎಂಬುದು ಇಲ್ಲಿ ಯಾವ ಉಪಯೋಗಕ್ಕೂ ಬಾರದು, ಏಕೆಂದರೆ ಹಗ್ಗ ತುಂಡಾಗುವ ಪ್ರಶ್ನೆಯೇ ಬರುವುದಿಲ್ಲ. ಹೆಚ್ಚು ದುಡ್ಡು ಕೊಟ್ಟ ಕೂಡಲೇ ಈ ತೊಂದರೆ ತೀರುವುದೂ ಇಲ್ಲ. ದುಬಾರಿ ಲ್ಯಾನ್ಯಾರ್ಡಿನ ಕ್ಯಾಮ್ (ಹಗ್ಗ ಕಚ್ಚಿ ಹಿಡಿಯುವ ಲೋಹದ ತುಣುಕು) ಹಗ್ಗದ ಉದ್ದವನ್ನು ಸಲೀಸಾಗಿ ಹೊಂದಿಸುತ್ತದೆ, ಅಷ್ಟೆ. ಮರವನ್ನು ಬಿಗಿಯುವುದು ಅದರ ಕೆಲಸವಲ್ಲ.

ಬೇಕಾದದ್ದು ಭಾರ ಬಿದ್ದಾಗ ತಾನಾಗಿ ಬಿಗಿಯುವ ಉರುಳು. ಅಮೆರಿಕದಲ್ಲಿ ಮರದ ವಿದ್ಯುತ್ ಕಂಬ ಹತ್ತುವ ಲೈನ್‌ಮನ್‌ಗಳು ಬಳಸುವ ಪಟ್ಟಿಯ ತತ್ವವೂ ಇದೇ. ನಮ್ಮ ಕಡೆ ಮಾಡಿಕೊಳ್ಳುವ ಕ್ರಮ ಹೀಗೆ. ಪಾಲಿಯೆಸ್ಟರ್ ಹೊದಿಕೆಯ, ಒಳಗೆ ತಿರುಳಿರುವ 12 ಮಿ.ಮೀ. ಸ್ಟಾಟಿಕ್ ಹಗ್ಗ ತೆಂಗಿಗೆ ಮೂರೂವರೆ ಮೀಟರ್, ಅಡಿಕೆಗೆ ಎರಡೂವರೆ ಮೀಟರ್ ತೆಗೆದುಕೊಳ್ಳಿ. ಯುರೋಪಿನ ಮಾನದಂಡವಾದ ಇಎನ್ 1891 ಟೈಪ್ ಎ ಎಂದು ಗುರುತಿದ್ದರೆ ಗಂಟಿಲ್ಲದ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಸುಮಾರು 2,240 ಕೆಜಿ ತಾಳಬೇಕು. ಗಂಟು ಹಾಕಿದ ಮೇಲೆ 15 ಕಿಲೋನ್ಯೂಟನ್. ಒಂದು ತುದಿಯಲ್ಲಿ ಎಂಟರ ಆಕಾರದ ಗಂಟಿನಿಂದ ಉಕ್ಕಿನ ಬಳೆಯೊಂದನ್ನು ಕಟ್ಟಬೇಕು. ಬಳೆಯ ಮೇಲೆ ಎಷ್ಟು ಭಾರ ತಾಳುತ್ತದೆಂಬ ಅಂಕೆ ಒತ್ತಿರಬೇಕು. ಊರ ವೆಲ್ಡಿಂಗ್ ಶಾಪಿನಲ್ಲಿ ಸರಳು ಬಗ್ಗಿಸಿ ಬೆಸೆದದ್ದು ಬೇಡ. ಗಂಟಿನ ಬಾಲ 12 ಸೆಂಟಿಮೀಟರಿಗಿಂತ ಗಿಡ್ಡ ಇರಬಾರದು. ಇನ್ನೊಂದು ತುದಿಯನ್ನು ಮರದ ಸುತ್ತ ತಂದು ಬಳೆಯೊಳಗೆ ತೂರಿಸಿ ಎದೆಯ ಕಡೆಗೆ ಎಳೆದುಕೊಳ್ಳಿ. ಆ ಬರುವ ಹಗ್ಗದ ಮೇಲೆ 8 ಮಿ.ಮೀ. ಹುರಿಯ ಪ್ರೂಸಿಕ್ ಗಂಟು (ಕೈಯಿಂದ ಸರಿಸಬಹುದಾದ, ಭಾರ ಬಿದ್ದಾಗ ಹಗ್ಗವನ್ನು ಕಚ್ಚುವ ಗಂಟು), ಮೂರು ಸುತ್ತಿನದು. ಪ್ರೂಸಿಕ್ಕಿನ ಕುಣಿಕೆ ಹಾರ್ನೆಸ್ಸಿನ ಎದೆಯ ಬಳೆಗೆ, ಲಾಕ್ ಇರುವ ಉಕ್ಕಿನ ಕ್ಯಾರಬೈನರಿನಿಂದ (ಸ್ಪ್ರಿಂಗ್ ಬಾಗಿಲಿನ ಕೊಕ್ಕೆ). ಹಗ್ಗದ ಕೊನೆಯಲ್ಲಿ ಒಂದು ತಡೆಗಂಟು ಇಲ್ಲದೆ ಹತ್ತಬೇಡಿ. ಅದಿಲ್ಲದಿದ್ದರೆ ಪ್ರೂಸಿಕ್ ಜಾರಿ ಹಗ್ಗದಿಂದಲೇ ಹೊರಗೆ ಬರಬಹುದು.

ಬಳೆಯ ಜಾಗದಲ್ಲಿ ಕ್ಯಾರಬೈನರ್ ಹಾಕಿದರೇನು ಎಂದು ಕೇಳುವವರಿದ್ದಾರೆ. ಬೇಡ. ಕಾಂಡದ ಉರುಟು ಮೈಗೆ ಒತ್ತಿದಾಗ ಅದು ಮಗ್ಗುಲಾಗುತ್ತದೆ, ಭಾರ ಬಾಗಿಲಿನ ಮೇಲೆ ಬೀಳುತ್ತದೆ. ಬಂಡೆ ಹತ್ತುವವರ ಸಾಮಾನ್ಯ ಕ್ಯಾರಬೈನರಿಗೆ ಉದ್ದುದ್ದ ಬೇಕಾದ ಬಲ 20 ಕಿಲೋನ್ಯೂಟನ್ ಆದರೆ ಅಡ್ಡಕ್ಕೆ 7 ಮಾತ್ರ. ಬಳೆಗೆ ಬಾಗಿಲೇ ಇಲ್ಲ.

ಎರಡು ಹೆಜ್ಜೆ ಏರಿದ ಮೇಲೆ ಬಳೆಯನ್ನು ಕೈಯಿಂದ ಸಡಿಲಿಸಿ ಮೇಲಕ್ಕೆ ದೂಡಬೇಕು. ಬಳೆ ಯಾವಾಗಲೂ ಎದೆಗಿಂತ ಮೇಲಿರಲಿ, ಹಗ್ಗದ ಸಡಿಲ ಒಂದು ಗೇಣು ದಾಟಬಾರದು. ಸ್ಟಾಟಿಕ್ ಹಗ್ಗ ಹಿಗ್ಗುವುದು ತೀರಾ ಕಡಿಮೆ. ಸಡಿಲ ಜಾಸ್ತಿ ಬಿಟ್ಟು ಬಿದ್ದರೆ ಆ ಏಟೆಲ್ಲ ಬೆನ್ನುಮೂಳೆಗೆ. ತೆಂಗಿನ ಕಾಂಡದಲ್ಲಿ ಮಡಲು ಕಳಚಿದ ಗುರುತಿನ ಏಣುಗಳಿರುವುದರಿಂದ ಒಂದೇ ಸುತ್ತು ಕಚ್ಚುತ್ತದೆ. ಅಡಿಕೆ ಮರ ನಯ, ಮಳೆಗಾಲದಲ್ಲಿ ಪಾಚಿ ಬೇರೆ. ಅಲ್ಲಿ ಎರಡು ಸುತ್ತು ಹಾಕಿಯೇ ಬಳೆಗೆ ತೂರಿಸಬೇಕು. ಮೊದಲ ಪರೀಕ್ಷೆ ನೆಲದಿಂದ ಎರಡಡಿ ಎತ್ತರದಲ್ಲೇ ಆಗಲಿ: ಪೂರ್ತಿ ಭಾರ ಬಿಟ್ಟು ಕೂತು ನೋಡಿ, ಮತ್ತೆ ಕಾಂಡಕ್ಕೂ ಹಗ್ಗಕ್ಕೂ ಒಂದು ಕೊಡ ನೀರು ಹೊಯ್ದು ಇನ್ನೊಮ್ಮೆ. ಒದ್ದೆಯಾದಾಗ ಪ್ರೂಸಿಕ್ ಜಾರಿದರೆ ನಾಲ್ಕನೇ ಸುತ್ತು ಸೇರಿಸಿ. ಪ್ರತಿ ಮರಕ್ಕೂ ಇದನ್ನು ಬಿಚ್ಚಿ ಕಟ್ಟುವ ಹೊತ್ತು ಹೋಗುತ್ತದೆ ಎಂಬುದೇ ಇದರ ದೊಡ್ಡ ಕೊರತೆ. ದಿನಕ್ಕೆ ಹತ್ತಿಪ್ಪತ್ತು ಮರ ನೋಡಿಕೊಳ್ಳುವ ನನ್ನಂಥವರಿಗೆ ಅದು ಹೊರೆಯಲ್ಲ. ಕೂಲಿಗೆ ನೂರು ಮರ ಹತ್ತುವವರಿಗೆ ಹೊರೆಯೇ.

ಇನ್ನು ಮದ್ದಿನ ವಿಷಯ. ಮಹಾಳಿಗೆ (ಅಡಿಕೆಯ ಕೊಳೆರೋಗಕ್ಕೆ) ಮದ್ದು ಬಿಡುವ ತೋಟದಲ್ಲಿ ಅಲ್ಯುಮಿನಿಯಂ ಕ್ಯಾರಬೈನರ್ ಬಾಳುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ ಎಂಬ ಅಳತೆ ಎಲ್ಲರಿಗೂ ಗೊತ್ತು. ಪಾಕ ಸರಿಯಾಗಿದೆಯೇ ಎಂದು ನೋಡಲು ಮಸೆದ ಕತ್ತಿಯ ಅಲಗನ್ನು ಅದ್ದುವುದೂ ಗೊತ್ತು. ಅಲಗು ಕೆಂಪಾದರೆ ತಾಮ್ರ ಬಂದು ಕೂತಿತೆಂದು ಅರ್ಥ, ಸುಣ್ಣ ಇನ್ನಷ್ಟು ಬೇಕು. ಕತ್ತಿಯ ಮೇಲೆ ನಡೆಯುವ ಆ ಕ್ರಿಯೆಯೇ ಲೋಹದ ಕೊಕ್ಕೆಗಳ ಮೇಲೂ ನಡೆಯುತ್ತದೆ. ಅಲ್ಯುಮಿನಿಯಮ್ಮಿನ ಮೇಲೆ ಇನ್ನೂ ಜೋರು: ಕರಿ ಚುಕ್ಕೆ ಬೀಳುತ್ತದೆ, ಚುಕ್ಕೆಯಡಿಯಲ್ಲಿ ಗುಳಿ. ಬಾಗಿಲಿನ ಸ್ಪ್ರಿಂಗ್ ಕೂರುವ ಸಂದಿಯಲ್ಲಿ ನೀಲಿ ಹಿಟ್ಟು ಸೇರಿ ಬಾಗಿಲು ತಾನಾಗಿ ಮುಚ್ಚುವುದನ್ನೇ ಬಿಡುತ್ತದೆ. ಹಗುರವೆಂದು ಹೆಚ್ಚು ಕೊಟ್ಟು ಕೊಂಡದ್ದಕ್ಕೆ ಈ ಗತಿ. ಸತುವು ಲೇಪಿಸಿದ ಉಕ್ಕಿನದು ಭಾರ ಹೌದು, ಸತುವು ಸವೆದ ಮೇಲೆ ಅದಕ್ಕೂ ತುಕ್ಕು ಬರುತ್ತದೆ, ಆದರೆ ಸವೆತ ಕಣ್ಣಿಗೆ ಕಾಣುವಂತೆ ಬರುತ್ತದೆ ಮತ್ತು ಬದಲಿಸಲು ಜೇಬು ಸುಡುವುದಿಲ್ಲ. ಯಾವುದೇ ಇರಲಿ, ಮದ್ದು ಬಿಟ್ಟ ಸಂಜೆಯೇ ಸಾದಾ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಹಗ್ಗಕ್ಕೂ ಇದೇ ನಿಯಮ. ಹುಳಿ ನೈಲಾನಿಗಾಗದು, ಕಡು ಕ್ಷಾರ ಪಾಲಿಯೆಸ್ಟರಿಗಾಗದು. ಸುಣ್ಣದ ಡ್ರಮ್ಮಿನ ಹತ್ತಿರ ಎರಡನ್ನೂ ಇಡಬೇಡಿ.

ಹಾರ್ನೆಸ್ಸಿನಲ್ಲಿ ಐಎಸ್ 3521 ಗುರುತು ನೋಡಿಯೇ ಕೊಳ್ಳಬೇಕು. ಬೆನ್ನಿನ ಬಳೆ ಮಾತ್ರ ಇರುವುದು ಮರಕ್ಕೆ ಆಗದು, ಎದೆಯಲ್ಲೂ ಬೇಕು. ದೇಶೀ ಹಾರ್ನೆಸ್ಸಿನ ಕೊರತೆಯೆಂದರೆ ತೊಡೆಯ ಪಟ್ಟಿ ಬರಿಯ ಪಟ್ಟಿ, ಪ್ಯಾಡಿಲ್ಲ. ಹತ್ತು ನಿಮಿಷ ಭಾರ ಬಿಟ್ಟರೆ ಕಾಲು ಜೋಮು ಹಿಡಿಯುತ್ತದೆ. ದರ್ಜಿಯ ಹತ್ತಿರ ದಪ್ಪ ಬಟ್ಟೆಯ ಒಳಗೆ ಫೋಮ್ ಇಟ್ಟು ಕೊಳವೆಯಂತೆ ಹೊಲಿಸಿ ಪಟ್ಟಿಗೆ ತೊಡಿಸಿದರೆ ಸಾಕು. ಪಟ್ಟಿಗೇ ಸೂಜಿ ಹಾಕಲು ಮಾತ್ರ ಬಿಡಬೇಡಿ. ಒಂದೊಂದು ತೂತಿಗೂ ನೇಯ್ಗೆಯ ಎಳೆ ಕಡಿಯುತ್ತದೆ.

ಚೆಂಬೇರಿ ಯಂತ್ರ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಅವರ ಆವಿಷ್ಕಾರ. ಎಡಕ್ಕೊಂದು ಬಲಕ್ಕೊಂದು ಬಿಡಿ ಚೌಕಟ್ಟು, ಪ್ರತಿಯೊಂದಕ್ಕೂ ಕಾಂಡ ಬಳಸುವ ಉಕ್ಕಿನ ತಂತಿಹಗ್ಗ. ನಿಂತೇ ಹತ್ತುವುದು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಕೂತು ಹತ್ತುವ ಮಾದರಿ ಹೊಸಬರ ಎದೆಬಡಿತ ಕಡಿಮೆ ಮಾಡುತ್ತದೆ, ಆದರೆ ನಿಧಾನ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಶುರು ಮಾಡಿದ ‘ತೆಂಗಿನ ಮರದ ಗೆಳೆಯರು’ ತರಬೇತಿಯ ನಂತರ ಯಂತ್ರ ಹತ್ತುವವರು ನಮ್ಮ ಕಡೆ ಹೆಚ್ಚಿದರು. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಈ ಯಂತ್ರಕ್ಕೆ ಜೋಡಿಸುವ ಸುರಕ್ಷಾ ಸಾಧನವನ್ನೂ ರೂಪಿಸಿದೆ. ಯಂತ್ರ ಮಾತ್ರ ಕೊಂಡು ಸುರಕ್ಷೆಯನ್ನು ಬಿಡುವವರೇ ಜಾಸ್ತಿ ಎಂಬುದು ನನ್ನ ಬೇಸರ. ಯಂತ್ರ ಕಾಲನ್ನು ಹಿಡಿಯುತ್ತದೆ, ಮೈಯನ್ನಲ್ಲ.

ಸಣ್ಣ ವರ್ಕ್‌ಶಾಪಿನ ಯಂತ್ರ ಕೊಳ್ಳುವಾಗ ತಂತಿಹಗ್ಗದ ತುದಿಯನ್ನು ಒತ್ತಿ ಕೂರಿಸಿದ ಜಾಗವನ್ನು ನೋಡಿ. ತುಕ್ಕು ಮೊದಲು ಹಿಡಿಯುವುದು ಅಲ್ಲಿ, ಒಳಗಿಂದ. ತಂತಿಯುದ್ದಕ್ಕೂ ಒಂದು ಹತ್ತಿ ಬಟ್ಟೆ ಎಳೆಯಿರಿ. ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಎಳೆ ಮುರಿದಿದೆ, ತಂತಿ ಬದಲಿಸಿಯೇ ಬಿಡಿ. ಇನ್ನೊಂದು ವಿಷಯ ಬುಡ ದಪ್ಪ, ತುದಿ ಸಪೂರ ಎಂಬುದು. ಬುಡದಲ್ಲಿ ಮಟ್ಟಸವಾಗಿ ಹೊಂದಿಸಿದ ಪೆಡಲು ಮೇಲೆ ಹೋದಂತೆ ತಂತಿ ಸಡಿಲವಾಗಿ ಕೆಳಕ್ಕೆ ವಾಲುತ್ತದೆ, ಪಾದ ಮುಂದಕ್ಕೆ ಜಾರುತ್ತದೆ. ಅದಕ್ಕೆ ಬುಡದಲ್ಲೇ ಪೆಡಲಿನ ಮುಂತುದಿ ಸ್ವಲ್ಪ ಮೇಲೆದ್ದಿರುವಂತೆ ತಂತಿಯನ್ನು ಬಿಗಿಯಾಗಿ ಹಾಕಬೇಕು. ವರ್ಕ್‌ಶಾಪಿನವರು ಹತ್ತಿರದವರಾದರೆ ನಿಮ್ಮ ತೋಟದ ಮರದ ಅಳತೆಗೆ ತಂತಿ ಕತ್ತರಿಸಿ ಕೊಡುತ್ತಾರೆ. ದೊಡ್ಡ ಬ್ರಾಂಡಿನಿಂದ ಆಗದ ಉಪಕಾರವಿದು.

ಸೊಂಟದ ಸೇಫ್ಟಿ ಬೆಲ್ಟಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬಿದ್ದಾಗ ಇಡೀ ಏಟು ಹೊಟ್ಟೆಗೆ. ಅದರ ಜೊತೆ ಬರುವ ಹಳದಿ ಪಾಲಿಪ್ರೊಪಿಲೀನ್ ಹಗ್ಗ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಉಗುರಿನಿಂದ ಕೆರೆದರೆ ಬೆರಳಿಗೆ ಹೊಟ್ಟು ಅಂಟುತ್ತದೆ. ಎಷ್ಟು ಅಗ್ಗವಾದರೂ ಬೇಡ.

ಅಡಿಕೆಗೆ ಯಂತ್ರಕ್ಕಿಂತ ತಳೆಯೇ (ಪಾದಗಳಿಗೆ ಹಾಕುವ ಹಗ್ಗದ ಬಳೆ) ವೇಗ ಎಂಬುದು ನಿಜ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟಗಳಲ್ಲಿ ಮರದಿಂದ ಮರಕ್ಕೆ ಬಾಗಿ ದಾಟುವವರ ಮುಂದೆ ಯಾವ ಸಾಧನವೂ ನಿಲ್ಲದು. ಅಂಥವರು ಸಿಕ್ಕರೆ ಅವರ ಮೈಗೆ ಹಾರ್ನೆಸ್ ಒಪ್ಪಿಸುವುದೇ ದೊಡ್ಡ ಕೆಲಸ. ಅವರು ಸಿಗದ ಕಡೆ ಕಾರ್ಬನ್ ಫೈಬರ್ ದೋಟಿಯಿಂದ (ಕೊಯ್ಯುವ ಉದ್ದ ಕೋಲಿನಿಂದ) ನೆಲದಲ್ಲಿ ನಿಂತೇ ಕೊಯ್ಯುವುದು ಲೇಸು. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ, ಲೈನು ಹಾದುಹೋಗುವ ಸಾಲಿನಲ್ಲಿ ದೋಟಿ ಎತ್ತಬೇಡಿ. ಸಜೀಪಮೂಡದ ಗಣಪತಿ ಭಟ್ಟರ ಅಡಿಕೆ ಮರ ಹತ್ತುವ ಬೈಕನ್ನು ಈ ಹೋಲಿಕೆಗೆ ತಂದಿಲ್ಲ, ಅದರ ಲೆಕ್ಕವೇ ಬೇರೆ.

ಹೆಲ್ಮೆಟ್: ಐಎಸ್ 2925 ಗುರುತಿನದು, ಗದ್ದದ ಪಟ್ಟಿ ಇರುವುದು. ಕೆಳಗೆ ನಿಂತವರಿಗೂ ಒಂದು.

ಗೊನೆ ಕಡಿಯುವಾಗ ಎಳೆದು ನಿಂತ ಹಗ್ಗಕ್ಕೆ ಕತ್ತಿ ಸೋಕಿದರೆ ಸಾಕು, ಕ್ಷಣದಲ್ಲಿ ತುಂಡು. ಮೇಲೆ ತಲುಪಿದ ಕೂಡಲೇ ಇನ್ನೊಂದು ಉರುಳನ್ನು ಮೊದಲಿನದಕ್ಕಿಂತ ಒಂದಡಿ ಕೆಳಗೆ ಬಿಗಿದು, ಆಮೇಲೆ ಕತ್ತಿ ತೆಗೆಯಿರಿ. ಎರಡನೇ ಉರುಳಿಗೆ ಮತ್ತೊಂದು ಮೂರೂವರೆ ಮೀಟರ್ ಹಗ್ಗ, ಒಂದು ಬಳೆ, ಒಂದು ಪ್ರೂಸಿಕ್ ಹುರಿ, ಒಂದು ಕ್ಯಾರಬೈನರ್ ಬೇಕು. ವಿದೇಶಿ ಸೆಟ್ ಬಿಟ್ಟು ಉಳಿದ ದುಡ್ಡಿನಲ್ಲಿ ನಾನು ಮೊದಲು ತೆಗೆಯುವುದು ಇದನ್ನೇ. ಆಮೇಲೆ ತೆಗೆಯುವುದು ಇನ್ನೊಂದು ಹಾರ್ನೆಸ್. ಮೇಲೆ ಒಬ್ಬರು ಪ್ರಜ್ಞೆ ತಪ್ಪಿ ನೇತಾಡಿದರೆ ಕಾಲಿನಲ್ಲಿ ರಕ್ತ ನಿಲ್ಲುತ್ತದೆ, ಕೆಲವೇ ನಿಮಿಷಗಳಲ್ಲಿ ಇಳಿಸಬೇಕು. ಅದಕ್ಕೆ ಕೆಳಗಿರುವವರಿಗೂ ಹತ್ತಲು ಬರಬೇಕು, ಅವರ ಮೈಗೂ ಹಾರ್ನೆಸ್ ಇರಬೇಕು. ಪ್ರೂಸಿಕ್ ಹುರಿಯನ್ನು ಪ್ರತಿ ಮಳೆಗಾಲದ ನಂತರ ಬದಲಿಸಿ. ಹಗ್ಗಕ್ಕೆ ಕೊಂಡ ತಿಂಗಳು ವರ್ಷವನ್ನು ತುದಿಯ ಟೇಪಿನ ಮೇಲೆ ಬರೆದಿಡಿ. ಹೊದಿಕೆ ಹರಿದು ಒಳಗಿನ ಬಿಳಿ ತಿರುಳು ಕಂಡ ಹಗ್ಗವನ್ನು ಒಂದೊಂದು ಅಡಿಯ ತುಂಡು ಮಾಡಿ, ಇಲ್ಲವಾದರೆ ಯಾರಾದರೂ ಅದನ್ನೇ ಎತ್ತಿಕೊಂಡು ಮರ ಹತ್ತಿಯಾರು.